ಎಫ್‌ಎಂಒ: ಬ್ಯಾಕ್ಟೀರಿಯಾದ ಬೆಳಕಿನ ತಂತಿ ಮತ್ತು ‘ಕ್ವಾಂಟಂ’ ಗದ್ದಲ

‘ಗಿಡಗಳು, ಬ್ಯಾಕ್ಟೀರಿಯಾಗಳು ಕ್ವಾಂಟಂ ಕಂಪ್ಯೂಟರ್ ಥರ ಕೆಲಸ ಮಾಡ್ತವೆ’ ಅನ್ನೋ ಪೋಸ್ಟ್ ನಿಮ್ಮ ಫೀಡ್‌ನಲ್ಲೂ ಬಂದಿರಬಹುದು. ಆ ಮಾತು ಹಬ್ಬಿದ್ದು ಬಹುಪಾಲು ಒಂದು ಪುಟ್ಟ ಪ್ರೋಟೀನಿನಿಂದ. ಹೆಸರು ಎಫ್‌ಎಂಒ. ಇದರಲ್ಲಿ ಗಟ್ಟಿಯಾಗಿ ಗೊತ್ತಿರೋದು ಯಾವುದು, ಬರೀ ಗದ್ದಲ ಯಾವುದು ಅಂತ ಬಿಡಿಸಿ ನೋಡೋಣ.

ಏನಿದು?

ಹಸಿರು ಗಂಧಕ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದ, ಬೆಳಕು ತೀರಾ ಕಡಿಮೆ ಇರುವ ನೀರಿನಲ್ಲೂ ಬದುಕುತ್ತವೆ. ಕಪ್ಪು ಸಮುದ್ರದಲ್ಲಿ ಸುಮಾರು 100 ಮೀಟರ್ ಆಳದಲ್ಲಿಯೂ ಸಿಕ್ಕಿವೆ. ಅಲ್ಲಿ ಒಂದೊಂದು ಫೋಟಾನೂ ಲೆಕ್ಕಕ್ಕೆ ಬರುತ್ತೆ. ಕ್ಲೋರೋಸೋಮ್ ಎಂಬ ದೊಡ್ಡ ಆಂಟೆನಾ ಹೀರಿದ ಶಕ್ತಿ, ರಾಸಾಯನಿಕ ಕೆಲಸ ಶುರುವಾಗುವ ಕ್ರಿಯಾಕೇಂದ್ರಕ್ಕೆ ತಲುಪಬೇಕು. ಇವೆರಡರ ನಡುವಿನ ತಂತಿಯೇ ಎಫ್‌ಎಂಒ. ಫೆನ್ನ, ಮ್ಯಾಥ್ಯೂಸ್, ಓಲ್ಸನ್ ಎಂಬ ಮೂವರು ವಿಜ್ಞಾನಿಗಳ ಹೆಸರು ಸೇರಿ ಆದದ್ದು.

ರಚನೆ ಹೇಗೆ ಸಿಕ್ಕಿತು?

ಪ್ರೋಟೀನನ್ನು ಹರಳುಗಟ್ಟಿಸಿ, ಅದರೊಳಗೆ ಎಕ್ಸ್-ರೇ ಹಾಯಿಸಿ, ಚದುರಿದ ಕಿರಣಗಳ ಚುಕ್ಕೆಗಳಿಂದ ಪರಮಾಣುಗಳ ಜಾಗ ಲೆಕ್ಕ ಹಾಕುತ್ತಾರೆ. ಈ ವಿಧಾನದಲ್ಲಿ ಫೆನ್ನ ಮತ್ತು ಮ್ಯಾಥ್ಯೂಸ್ 1975ರಲ್ಲಿ ಎಫ್‌ಎಂಒ ರಚನೆ ಪ್ರಕಟಿಸಿದರು. ಕ್ಲೋರೋಫಿಲ್ ಜಾತಿಯ ವರ್ಣಕ ಇರುವ ಪ್ರೋಟೀನೊಂದರ ಮೊದಲ ಎಕ್ಸ್-ರೇ ರಚನೆ ಅದು.

ಕಂಡದ್ದು ಇಷ್ಟು: ಒಂದೇ ಥರದ ಮೂರು ಘಟಕಗಳು. ಪ್ರತಿಯೊಂದೂ ಒಂದು ಚೀಲದ ಹಾಗೆ, ಒಳಗೆ 7 ಬ್ಯಾಕ್ಟೀರಿಯೋಕ್ಲೋರೋಫಿಲ್ ಅಣುಗಳು. ಎರಡು ಘಟಕಗಳ ಸಂದಿಯಲ್ಲಿರುವ 8ನೆಯದು ಪತ್ತೆಯಾಗಿದ್ದು ದಶಕಗಳ ನಂತರ. ಶುದ್ಧೀಕರಿಸುವಾಗ ಅದು ಸುಲಭವಾಗಿ ಕಳಚಿಹೋಗುತ್ತೆ.

ಸ್ವಾರಸ್ಯ ಇರೋದು ಇಲ್ಲಿ. ಒಳಗಿನ ಅಣುಗಳೆಲ್ಲ ಒಂದೇ ಜಾತಿಯವು. ಆದರೆ ಪ್ರತಿಯೊಂದರ ಸುತ್ತ ಪ್ರೋಟೀನಿನ ಹಿಡಿತ ಬೇರೆ, ಹಾಗಾಗಿ ಶಕ್ತಿಯ ಮಟ್ಟವೂ ಬೇರೆ. ಇದರಿಂದ ಒಂದು ಇಳಿಜಾರು ಹುಟ್ಟುತ್ತೆ; ಶಕ್ತಿ ಅದರಲ್ಲಿ ಜಾರಿಕೊಂಡು ಕ್ರಿಯಾಕೇಂದ್ರದ ಕಡೆ ಹೋಗುತ್ತೆ.

ಕ್ವಾಂಟಂ ಕಥೆ ಏನಾಯ್ತು?

2007ರಲ್ಲಿ ಬರ್ಕ್ಲಿಯ ಗ್ರಹಾಂ ಫ್ಲೆಮಿಂಗ್ ತಂಡ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಫ್‌ಎಂಒ ಮೇಲೆ ಲೇಸರ್ ಪ್ರಯೋಗ ಮಾಡಿ, ಬಹಳ ಹೊತ್ತು ಉಳಿಯುವ ಕಂಪನಗಳನ್ನು ವರದಿ ಮಾಡಿತು. ಶಕ್ತಿ ಏಕಕಾಲಕ್ಕೆ ಹಲವು ದಾರಿಗಳನ್ನು ‘ಹುಡುಕುತ್ತೆ’ ಎಂಬ ವ್ಯಾಖ್ಯಾನ ಎಲ್ಲೆಡೆ ಹರಡಿತು. ‘ಬಹಳ ಹೊತ್ತು’ ಅಂದರೆ ಇಲ್ಲಿ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

2017ರಲ್ಲಿ ಇನ್ನೊಂದು ತಂಡ ಸಾಮಾನ್ಯ ತಾಪಮಾನದಲ್ಲಿ ಅಳೆದಾಗ, ಎಲೆಕ್ಟ್ರಾನುಗಳ ಆ ತಾಳಮೇಳ ಸುಮಾರು 60 ಫೆಮ್ಟೊಸೆಕೆಂಡ್‌ನಲ್ಲೇ ಅಳಿಸಿಹೋಗುತ್ತಿತ್ತು. ಶಕ್ತಿ ಸಾಗೋದಕ್ಕೆ ನೆರವಾಗಲು ಅದು ಸಾಲದು. 2020ರ ಒಂದು ಸಮೀಕ್ಷಾ ಲೇಖನವೂ ದೀರ್ಘ ಕಂಪನಗಳು ಮುಖ್ಯವಾಗಿ ಅಣುಗಳ ಅಲುಗಾಟದ್ದು ಎಂದಿತು.

ಹಾಗಂತ ಇಲ್ಲಿ ಕ್ವಾಂಟಂ ಭೌತವಿಜ್ಞಾನವೇ ಇಲ್ಲ ಅಂತಲ್ಲ. ಬೆಳಕು ಹೀರುವುದು, ಪಕ್ಕದ ಅಣುಗಳು ಶಕ್ತಿ ಹಂಚಿಕೊಳ್ಳುವುದು, ಎಲ್ಲವೂ ಕ್ವಾಂಟಂ ವಿದ್ಯಮಾನಗಳೇ. ಬಿದ್ದುಹೋಗಿದ್ದು ಸೂಪರ್‌ಕಂಪ್ಯೂಟರ್ ಕಥೆ ಮಾತ್ರ.

ನನ್ನ ತಕರಾರು ವಿಜ್ಞಾನಿಗಳ ಮೇಲಲ್ಲ. ಅವರು ಅಳೆದರು, ಇನ್ನೊಬ್ಬರು ಮತ್ತೆ ಅಳೆದರು, ತಿದ್ದಿಕೊಂಡರು. ನಾವು ಪತ್ರಕರ್ತರು ಹೆಡ್‌ಲೈನ್ ಹಾಕಿದಷ್ಟು ಜೋರಾಗಿ ತಿದ್ದುಪಡಿ ಹಾಕಲ್ಲ. ಆ ಸಂದಿಯಲ್ಲೇ ‘ಕ್ವಾಂಟಂ ಚಿಕಿತ್ಸೆ’ ಮಾರುವವರು ಅಂಗಡಿ ತೆರೆಯುತ್ತಾರೆ. ಮುಂದಿನ ಸಲ ಆ ಪದ ಕಂಡರೆ ಎರಡೇ ಪ್ರಶ್ನೆ ಕೇಳಿ: ಯಾವ ತಾಪಮಾನದಲ್ಲಿ ಅಳೆದಿದ್ದು? ಆಮೇಲೆ ಬೇರೆ ಯಾರು ಅಳೆದರು?