ಬಿರುಕಿನ ಗೆರೆ, ಆಟದ ಗೆರೆ

1942ರ ಡಿಸೆಂಬರ್ 26. ಜರ್ಮನ್ ಸೈನ್ಯ ಡೆನ್ಮಾರ್ಕಿನೊಳಗೆ ಬಂದು ಕೂತು ಎರಡೂವರೆ ವರ್ಷ ಕಳೆದಿತ್ತು. ಕ್ರಿಸ್‌ಮಸ್ಸಿನ ಮರುದಿನ ಕೋಪನ್‌ಹೇಗನ್ನಿನ 'ಪೊಲಿಟಿಕೆನ್' ಪತ್ರಿಕೆ ಬಿಡಿಸಿದ ಓದುಗರಿಗೆ ಅದರಲ್ಲೊಂದು ಹೊಸ ಆಟ ಕಂಡಿತು. ಹೆಸರು 'ಪಾಲಿಗಾನ್'. ಜೇನುಗೂಡಿನಂತೆ ಆರು ಮೂಲೆಯ ಮನೆಗಳನ್ನು ಒತ್ತಾಗಿ ಜೋಡಿಸಿದ, ಒಂದು ಕಡೆಗೆ ವಾಲಿದ ಚೌಕ. ಬದಿಗೆ 11 ಮನೆ, ಒಟ್ಟು 121. ಎದುರುಬದುರಿನ ಎರಡು ಅಂಚು ಒಬ್ಬನದು, ಉಳಿದೆರಡು ಇನ್ನೊಬ್ಬನದು. ಸರದಿಯಂತೆ ಒಂದೊಂದೇ ಮನೆ ಹಿಡಿಯುತ್ತ ಹೋಗಬೇಕು; ತನ್ನ ಎರಡಂಚುಗಳ ನಡುವೆ ಕಡಿಯದ ಸಾಲು ಮೊದಲು ಕಟ್ಟಿದವನು ಗೆದ್ದ. ಚೌಕಾಬಾರದಲ್ಲಿರುವಂತೆ ಕವಡೆಯ ಅದೃಷ್ಟ ಇಲ್ಲಿಲ್ಲ. ಹುಲಿ-ಕುರಿ ಆಟದ ಹಾಗೆ ಎಲ್ಲವೂ ಇಬ್ಬರ ಕಣ್ಣೆದುರೇ ನಡೆಯುತ್ತದೆ.

ಆಟ ಕಟ್ಟಿದವರು ಪೀಟ್ ಹೈನ್. ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲೂ ಕೋಪನ್‌ಹೇಗನ್ನಿನ ತಾಂತ್ರಿಕ ವಿದ್ಯಾಲಯದಲ್ಲೂ ಕೆಲಕಾಲ ಓದಿದವರು. ಆಕ್ರಮಣದ ಆ ದಿನಗಳಲ್ಲಿ ಗುಪ್ತನಾಮದಲ್ಲಿ ಪುಟ್ಟ ಪುಟ್ಟ ಪದ್ಯ ಬರೆದು ಜನಪ್ರಿಯರಾದವರು. ನಕ್ಷೆಗೆ ನಾಲ್ಕೇ ಬಣ್ಣ ಸಾಕೇ ಎಂಬ ಹಳೆಯ ಗಣಿತ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಯೋಚಿಸುತ್ತಿದ್ದಾಗ ಈ ಹಲಗೆ ಹೊಳೆಯಿತು ಎನ್ನುತ್ತಾರೆ.

ಇದಾದ ಮರುವರ್ಷ, 1943ರಲ್ಲಿ, ಡೆನ್ಮಾರ್ಕಿನಲ್ಲೇ ಕೆ. ಡಬ್ಲ್ಯೂ. ಯೋಹಾನ್ಸನ್ ಎಂಬ ಎಂಜಿನಿಯರ್ ಡಾಕ್ಟರೇಟ್ ಪ್ರಬಂಧವೊಂದನ್ನು ಪ್ರಕಟಿಸಿದರು. 'ಬ್ರುಡ್‌ಲೀನಿಯೆತೆಯೋರಿಯರ್' ಎಂದು ಅದರ ಹೆಸರು. ಮುರಿವ ಗೆರೆಗಳ ಸಿದ್ಧಾಂತಗಳು ಎಂದು ಅರ್ಥ. ವಿಷಯ ಕಂಬಿ ಹಾಕಿದ ಕಾಂಕ್ರೀಟು ಚಪ್ಪಡಿ. ಹೈನ್ ಅವರ ಹಲಗೆಗೂ ಯೋಹಾನ್ಸನ್ ಅವರ ಚಪ್ಪಡಿಗೂ ಆಗ ಯಾರೂ ನಂಟು ಹಚ್ಚಲಿಲ್ಲ. ಆದರೆ ಮುಂದಿನ ಮೂರು ದಶಕಗಳ ಕತೆ ನೋಡಿದರೆ ಎರಡರ ಒಳಗೂ ಒಂದೇ ಬಗೆಯ ತರ್ಕ ಇತ್ತೆಂಬುದು ಸ್ಪಷ್ಟವಾಗುತ್ತದೆ.

ಚಪ್ಪಡಿಯ ಮಾತು ಮೊದಲು. ನಮ್ಮ ಮೇಸ್ತ್ರಿಗಳು 'ಮೋಲ್ಡ್ ಹಾಕೋದು' ಎಂದು ಕರೆಯುವ ಕೆಲಸವನ್ನೇ ನೆನೆಯಿರಿ. ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ಸಿಮೆಂಟು-ಮರಳು-ಜಲ್ಲಿಯ ಮಿಶ್ರಣ ಸುರಿದರೆ ತಾರಸಿ ಸಿದ್ಧ. ಕಾಂಕ್ರೀಟು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಎಳೆತವನ್ನು ತಳಭಾಗದ ಕಂಬಿ ಹೊರುತ್ತದೆ. ಭಾರ ಹೇರುತ್ತ ಹೋದರೆ ಇಂಥ ಚಪ್ಪಡಿ ಗಾಜಿನಂತೆ ಫಟ್ಟನೆ ಒಡೆಯುವುದಿಲ್ಲ. ಅಡಿಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ, ಬಿರುಕನ್ನು ದಾಟುವ ಕಂಬಿ ಹಿಗ್ಗತೊಡಗುತ್ತದೆ, ಆ ಗೆರೆಯುದ್ದಕ್ಕೂ ಚಪ್ಪಡಿ ಬಾಗಿಲ ಕೀಲಿನಂತೆ ಮಡಚಿಕೊಳ್ಳುತ್ತದೆ. ಗೆರೆಗಳೆಲ್ಲ ಒಂದಕ್ಕೊಂದು ಕೂಡಿ ಅಂಚಿನಿಂದ ಅಂಚಿಗೆ ತಲುಪಿದ ಕ್ಷಣ ಚಪ್ಪಡಿ ಕೆಲವು ತುಂಡುಗಳಾಗಿ ಕೆಳಗಿಳಿಯುತ್ತದೆ. ಡೆನ್ಮಾರ್ಕಿನವರೇ ಆದ ಇಂಗರ್ಸ್ಲೆವ್ 1920ರ ದಶಕದ ಆರಂಭದಲ್ಲಿ ಈ ಗೆರೆಗಳಿಂದಲೇ ಚಪ್ಪಡಿಯ ಶಕ್ತಿ ಲೆಕ್ಕ ಹಾಕುವ ದಾರಿ ಹಿಡಿದಿದ್ದರು. ಅದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದವರು ಯೋಹಾನ್ಸನ್.

ಅವರ ಲೆಕ್ಕದ ಸೊಗಸು ನೋಡಬೇಕಾದರೆ ನಾಲ್ಕೂ ಗೋಡೆಗಳ ಮೇಲೆ ಸುಮ್ಮನೆ ಕೂತ ಚೌಕ ಚಪ್ಪಡಿ ಸಾಕು. ಬಿರುಕು ಎರಡು ಕರ್ಣಗಳಗುಂಟ ಬೀಳುತ್ತದೆ. ನಡುಭಾಗ ಒಂದು ಅಳತೆ ಕುಸಿದರೆ ಚಪ್ಪಡಿ ತಲೆಕೆಳಗಾದ ಪಿರಮಿಡ್ಡಿನ ಆಕಾರಕ್ಕೆ ಬರುತ್ತದೆ. ಪಿರಮಿಡ್ಡಿನ ಗಾತ್ರ ತಳ-ಎತ್ತರಗಳ ಗುಣಲಬ್ಧದ ಮೂರನೆಯ ಒಂದು ಭಾಗ. ಹಾಗಾಗಿ ಭಾರ ಮಾಡಿದ ಕೆಲಸ ಒಟ್ಟು ಭಾರದ ಮೂರನೆಯ ಒಂದು ಪಾಲು. ಅತ್ತ ನಾಲ್ಕು ತ್ರಿಕೋನಗಳು ತಿರುಗುವಾಗ ಕಂಬಿ ನುಂಗುವ ಶಕ್ತಿ, ಒಂದು ಮೀಟರ್ ಅಗಲದ ಪಟ್ಟಿಗಿರುವ ಬಾಗುವಿಕೆಯ ಬಲದ ಎಂಟು ಪಟ್ಟು. ಎರಡನ್ನೂ ಸಮ ಮಾಡಿದರೆ ಚಪ್ಪಡಿ ತಾಳುವ ಒಟ್ಟು ಭಾರ ಆ ಬಲದ 24 ಪಟ್ಟು ಎಂದು ಬರುತ್ತದೆ. ಪ್ರೌಢಶಾಲೆಯ ಗಣಿತದಲ್ಲಿ, ಅರ್ಧ ಪುಟದಲ್ಲಿ ಒಂದು ತಾರಸಿಯ ಕೊನೆಯ ಶಕ್ತಿ ಕೈಗೆ ಸಿಕ್ಕಿಬಿಟ್ಟಿತು.

ಆದರೆ ಈ ಲೆಕ್ಕದಲ್ಲಿ ಅಪಾಯವೊಂದಿದೆ. ಬಿರುಕಿನ ಗೆರೆ ಹೀಗೇ ಬೀಳುತ್ತದೆಂದು ಎಂಜಿನಿಯರ್ ಊಹಿಸುತ್ತಾನೆ. ಊಹೆ ತಪ್ಪಿದರೆ ಉತ್ತರ ಯಾವಾಗಲೂ ನಿಜಕ್ಕಿಂತ ಹೆಚ್ಚೇ ಬರುತ್ತದೆ. ಚಪ್ಪಡಿ ತನಗೆ ಅತಿ ಸುಲಭವಾದ ಗೆರೆಯನ್ನು ಹುಡುಕಿಕೊಂಡು ಮುರಿಯುತ್ತದೆ. ಎಂಜಿನಿಯರನಿಗೆ ಆ ಗೆರೆ ಹೊಳೆಯದೆ ಹೋಗಬಹುದು. ಇದಕ್ಕೆ ಎದುರು ದಾರಿಯೂ ಉಂಟು. ಮುರಿಯುವ ಬಗೆಯನ್ನು ಬಿಟ್ಟು, ಭಾರ ಚಪ್ಪಡಿಯೊಳಗೆ ಹಂಚಿಹೋಗುವ ಒಂದು ಬಗೆಯನ್ನು ಕಂಡುಹಿಡಿಯಬೇಕು. ಎಲ್ಲಿಯೂ ಶಕ್ತಿ ಮೀರದಂತೆ ಅದು ಹಂಚಿಹೋದರೆ ಅಷ್ಟು ಭಾರಕ್ಕೆ ಚಪ್ಪಡಿ ಖಂಡಿತ ನಿಲ್ಲುತ್ತದೆ. ಮಾಸ್ಕೋದ ಗ್ವೋಜ್ದೆವ್ ಈ ಎರಡೂ ಪ್ರಮೇಯಗಳನ್ನು 1936ರಲ್ಲಿ ಮಂಡಿಸಿ 1938ರಲ್ಲಿ ಅಚ್ಚು ಹಾಕಿಸಿದ್ದರು. ಪಶ್ಚಿಮದವರಿಗೆ ಅದು ಬಹುಕಾಲ ತಿಳಿಯಲೇ ಇಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಡ್ರಕರ್, ಪ್ರಾಗರ್, ಗ್ರೀನ್‌ಬರ್ಗ್ ಮೂವರು ಅವನ್ನು ಸ್ವತಂತ್ರವಾಗಿ ಕಟ್ಟಿದರು.

ಒಬ್ಬ ಮೇಲಿನಿಂದ ಇಳಿಯುತ್ತಾನೆ, ಇನ್ನೊಬ್ಬ ಕೆಳಗಿನಿಂದ ಏರುತ್ತಾನೆ, ಇಬ್ಬರೂ ಒಂದೇ ಸಂಖ್ಯೆಯಲ್ಲಿ ಸಂಧಿಸುತ್ತಾರೆ. ಆಟಗಳ ಗಣಿತ ಓದಿದವರಿಗೆ ಇದು ಪರಿಚಿತ ಚಿತ್ರ. 1928ರಲ್ಲಿ ಜಾನ್ ಫಾನ್ ನಾಯ್ಮನ್ ಸಾಧಿಸಿ ತೋರಿಸಿದ್ದು ಇದನ್ನೇ: ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಗುವ ಆಟದಲ್ಲಿ, ಮೊದಲಿಗ ಖಾತ್ರಿಪಡಿಸಿಕೊಳ್ಳಬಲ್ಲ ಗರಿಷ್ಠ ಲಾಭವೂ ಎದುರಾಳಿ ಅವನನ್ನು ತಡೆದು ನಿಲ್ಲಿಸಬಲ್ಲ ಕನಿಷ್ಠ ಮಟ್ಟವೂ ಒಂದೇ. ಕಟ್ಟಡವನ್ನು ಕೆಡವಲು ಗೆರೆ ಹುಡುಕುವ ಭಾರ ಒಬ್ಬ ಆಟಗಾರ, ಬಲವನ್ನು ಹಂಚಿ ತಡೆಯುವ ಚಪ್ಪಡಿ ಇನ್ನೊಬ್ಬ. 1951ರಲ್ಲಿ ಅಬ್ರಹಾಂ ಚಾರ್ನ್ಸ್ ಮತ್ತು ಗ್ರೀನ್‌ಬರ್ಗ್, ಕಟ್ಟಡದ ಕುಸಿತದ ಲೆಕ್ಕವನ್ನು ಆಗಷ್ಟೇ ಹುಟ್ಟಿದ್ದ ಲೀನಿಯರ್ ಪ್ರೋಗ್ರಾಮಿಂಗ್ ವಿಧಾನದ ಲೆಕ್ಕವಾಗಿ ಬರೆಯಬಹುದೆಂದು ತೋರಿಸಿದಾಗ ಈ ನಂಟು ಬರೀ ಹೋಲಿಕೆಯಾಗಿ ಉಳಿಯಲಿಲ್ಲ.

ಅಷ್ಟರಲ್ಲಿ ಹೈನ್ ಅವರ ಆಟ ಅಟ್ಲಾಂಟಿಕ್ ಸಾಗರದ ಆಚೆ ಇನ್ನೊಮ್ಮೆ ಹುಟ್ಟಿತ್ತು. 1948ರಲ್ಲಿ ಪ್ರಿನ್ಸ್‌ಟನ್ನಿಗೆ ಸಂಶೋಧನೆಗೆಂದು ಬಂದ ಜಾನ್ ನ್ಯಾಶ್, ಡೆನ್ಮಾರ್ಕಿನ ಸುದ್ದಿ ತಿಳಿಯದೆ, ಅದೇ ಆಟವನ್ನು ತಾವೇ ಕಂಡುಕೊಂಡರು. ಸಹಪಾಠಿ ಡೇವಿಡ್ ಗೇಲ್ ಹಲಗೆ ಮಾಡಿಕೊಟ್ಟರು. ಗಣಿತ ವಿಭಾಗದ ವಿದ್ಯಾರ್ಥಿಗಳಿಗೆ ಅದರ ಹುಚ್ಚು ಹಿಡಿಯಿತು. 1952ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನು 'ಹೆಕ್ಸ್' ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. 1957ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಮಾಸಿಕದಲ್ಲಿ ಆಗ ತಾನೇ ಶುರುಮಾಡಿದ್ದ 'ಗಣಿತದ ಆಟಗಳು' ಅಂಕಣದಲ್ಲಿ ಬರೆದ ಮೇಲೆ ಹೆಕ್ಸ್ ಲೋಕಕ್ಕೆಲ್ಲ ತಿಳಿಯಿತು.

ಮೊದಲು ಆಡುವವನಿಗೇ ಗೆಲ್ಲುವ ದಾರಿ ಇದ್ದೇ ಇದೆಯೆಂದು ನ್ಯಾಶ್ ಸಾಧಿಸಿದ ಬಗೆ ಮನಸ್ಸಿಗೆ ಹಿಡಿಸುವಂಥದು. ಹೆಕ್ಸ್‌ನಲ್ಲಿ ಸಮಸಮ ಎಂಬುದಿಲ್ಲ. ಹಲಗೆ ತುಂಬಿದರೆ ಒಬ್ಬನ ಸಾಲು ಕೂಡಿರಲೇಬೇಕು. ಎರಡನೆಯವನಿಗೆ ಗೆಲ್ಲುವ ತಂತ್ರವಿದೆ ಎಂದಿಟ್ಟುಕೊಳ್ಳೋಣ. ಮೊದಲಿಗ ಎಲ್ಲಾದರೊಂದು ಕಡೆ ಕಾಯಿ ಇಟ್ಟು, ಆಮೇಲೆ ತಾನೇ ಎರಡನೆಯವನಂತೆ ಆ ತಂತ್ರವನ್ನು ಕದ್ದು ಆಡಬಹುದು. ಹೆಚ್ಚುವರಿ ಕಾಯಿಯಿಂದ ಅವನಿಗೆ ಎಂದೂ ಕೇಡಾಗದು. ಹಾಗಾದರೆ ಇಬ್ಬರೂ ಗೆಲ್ಲಬೇಕು. ಅದು ಆಗದ ಮಾತು. ಈ ವಾದದ ಜೀವ ಇರುವುದು 'ಹೆಚ್ಚುವರಿ ಕಾಯಿಯಿಂದ ಕೇಡಿಲ್ಲ' ಎಂಬಲ್ಲಿ. ಚಪ್ಪಡಿಯ ಪ್ರಮೇಯಗಳೂ ಇದೇ ಮಾತು ಹೇಳುತ್ತವೆ: ತೂಕ ಹೆಚ್ಚಿಸದೆ ಎಲ್ಲಿಯಾದರೂ ಒಂದಿಷ್ಟು ಬಲ ಸೇರಿಸಿದರೆ ರಚನೆ ತಾಳುವ ಭಾರ ಕಡಿಮೆಯಾಗದು.

ನ್ಯಾಶ್ ಅವರ ಪಿಎಚ್‌ಡಿ ಪ್ರಬಂಧ 1950ರಲ್ಲಿ ಬಂತು. ಗಾತ್ರ 28 ಪುಟ. ಆಟಗಾರರು ಒಪ್ಪಂದವಿಲ್ಲದೆ ಆಡುವಾಗ ತನ್ನ ತಂತ್ರ ಬದಲಿಸಿ ಯಾರಿಗೂ ಲಾಭವಾಗದ ಒಂದು ನೆಲೆ ಇದ್ದೇ ಇರುತ್ತದೆಂದು ಅದು ಸಾರಿತು. ಅದಕ್ಕೆ ಬಳಸಿದ ಆಯುಧ ಬ್ರೌವರ್ ಅವರ ಸ್ಥಿರಬಿಂದು ಪ್ರಮೇಯ. ಆ ಕೆಲಸಕ್ಕೆ 1994ರಲ್ಲಿ ನೊಬೆಲ್ ಸಿಕ್ಕಿತು. ಹೆಕ್ಸ್ ಹಲಗೆ ಮಾಡಿಕೊಟ್ಟ ಗೇಲ್ 1979ರಲ್ಲಿ ಇನ್ನೊಂದು ಗಂಟು ಬಿಚ್ಚಿದರು: ಹೆಕ್ಸ್ ಸಮವಾಗದು ಎಂಬ ಮಾತೂ ಬ್ರೌವರ್ ಪ್ರಮೇಯವೂ ಒಂದರಿಂದ ಇನ್ನೊಂದನ್ನು ಪಡೆಯಬಹುದಾದ ಸತ್ಯಗಳು. ವಿದ್ಯಾರ್ಥಿಗಳ ವಿರಾಮದ ಆಟ ಮತ್ತು ಆ ಪ್ರಬಂಧದ ತಿರುಳು ಅಷ್ಟು ಹತ್ತಿರ ಇದ್ದವು.

ಚಪ್ಪಡಿಯ ಆಟ ಮುಗಿಯಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಸುಮ್ಮನೆ ಕೂತ ಚೌಕಕ್ಕೆ ಮೇಲಿನ ಲೆಕ್ಕವೂ ಕೆಳಗಿನ ಲೆಕ್ಕವೂ 24ರಲ್ಲೇ ಸೇರಿದವು. ನಾಲ್ಕೂ ಅಂಚನ್ನು ಬಿಗಿಯಾಗಿ ಹಿಡಿದ ಚೌಕಕ್ಕೆ ಕರ್ಣಗಳ ಲೆಕ್ಕ 48 ಎನ್ನುತ್ತದೆ. ಮೂಲೆಗಳಲ್ಲಿ ಬಿರುಕು ಬೀಸಣಿಗೆಯಂತೆ ಹರಡುತ್ತದೆಂದು ಭಾವಿಸಿದರೆ ಸಂಖ್ಯೆ ಇಳಿಯುತ್ತದೆ. ಎಲ್ಲಿಯವರೆಗೆ? 1974ರಲ್ಲಿ ಇ. ಎನ್. ಫಾಕ್ಸ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: 42.851. ಕರ್ಣಗಳನ್ನು ನಂಬಿದವನು ಶೇಕಡಾ 12ರಷ್ಟು ಹೆಚ್ಚು ಅಂದಾಜು ಮಾಡಿರುತ್ತಿದ್ದ. ಇಷ್ಟು ಸರಳ ಆಕಾರದ ಖಚಿತ ಸಂಖ್ಯೆಗೆ ಯೋಹಾನ್ಸನ್ ಪ್ರಬಂಧದಿಂದ 31 ವರ್ಷ ಹಿಡಿಯಿತು. ನಿಜವಾದ ಸಂಶೋಧನೆಯ ತಾಳ್ಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ಕತೆಯಲ್ಲಿ ಬೆಂಗಳೂರಿನದೂ ಒಂದು ಪಾಲಿದೆ. ಗೆರೆಗಳ ಲೆಕ್ಕವೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಕಂಬಿ ಹಿಗ್ಗಿ ಚಪ್ಪಡಿ ಮಡಚುವಷ್ಟು ಹೊತ್ತು ಮೇಲ್ಭಾಗದ ಕಾಂಕ್ರೀಟು ಪುಡಿಯಾಗದೆ ತಾಳಬೇಕು. ಹಾಗಾದರೆ ಕಾಂಕ್ರೀಟು ತನ್ನ ಶಕ್ತಿಯ ತುದಿ ಮುಟ್ಟಿದ ಮೇಲೂ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ದೇಸಾಯಿ ಮತ್ತು ಎಸ್. ಕೃಷ್ಣನ್ 1964ರಲ್ಲಿ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ಅದಕ್ಕೊಂದು ಸಮೀಕರಣ ಕೊಟ್ಟರು. ಒಂದೇ ಒಂದು ಭಿನ್ನರಾಶಿ. ಏರುವ ಭಾಗವನ್ನೂ ತುದಿಯ ನಂತರದ ಇಳಿಜಾರನ್ನೂ ಅದೊಂದೇ ಹೇಳುತ್ತದೆ. ಕಂಪ್ಯೂಟರಿನಲ್ಲಿ ಕಾಂಕ್ರೀಟು ರಚನೆಯ ವರ್ತನೆ ಅಭ್ಯಸಿಸುವ ಸಂಶೋಧನ ವಿದ್ಯಾರ್ಥಿಗಳು ಇಂದಿಗೂ ಜಗತ್ತಿನ ಬೇರೆ ಬೇರೆ ಕಡೆ ದೇಸಾಯಿ-ಕೃಷ್ಣನ್ ವಕ್ರರೇಖೆಯನ್ನು ಹಾಕಿಕೊಳ್ಳುತ್ತಾರೆ. ಆರ್‌ಸಿಸಿ ತಾರಸಿಯಡಿ ಬದುಕುವ ನಮ್ಮೂರಿನ ಜನರಿಗೆ ಈ ಇಬ್ಬರ ಹೆಸರು ಗೊತ್ತಿರಬೇಕಿತ್ತು.

ಯೋಹಾನ್ಸನ್ ಪ್ರಬಂಧ 1962ರಲ್ಲಿ ಇಂಗ್ಲಿಷಿಗೆ ಬಂತು. ಭಾರತದಲ್ಲಿ ಕಾಂಕ್ರೀಟು ಕಟ್ಟಡಗಳ ವಿನ್ಯಾಸಕ್ಕೆ ಆಧಾರವಾದ ಐಎಸ್ 456 ಸಂಹಿತೆಯ 2000ದ ಆವೃತ್ತಿಯಲ್ಲಿ, ಎರಡು ದಿಕ್ಕಿಗೂ ಕಂಬಿ ಹಾಸಿದ ಚಪ್ಪಡಿಗಳ ಪ್ರಕರಣದ ಟಿಪ್ಪಣಿಯೊಂದರಲ್ಲಿ, ಕುಸಿತದ ಮಿತಿಯ ಲೆಕ್ಕಕ್ಕೆ ಹೆಚ್ಚು ಬಳಕೆಯಲ್ಲಿರುವ ಸಿದ್ಧಾಂತವೆಂದು ಅವರ ಹೆಸರು ಹಿಡಿದೇ ನಮೂದಿಸಲಾಗಿದೆ.