ಬಿಟ್ಟ ಹೆಸರು ಮರಳಿ ಬಂತು

ತುರ್ಕಿ ಭಾಷಿಕರೆಂದರೆ ಮುಸ್ಲಿಮರು ಎಂಬುದು ಸಾಮಾನ್ಯ ನಂಬಿಕೆ. ಆದರೆ ಇಂದಿನ ಚೀನಾದ ತುರ್ಫಾನಿನಲ್ಲಿ ಉಯ್ಘರರು ಶತಮಾನಗಳ ಕಾಲ ಬೌದ್ಧರಾಗಿದ್ದರು. ಕ್ರಿ.ಶ. 840ರಲ್ಲಿ ಮಂಗೋಲಿಯದ ರಾಜ್ಯ ಕಳೆದುಕೊಂಡ ಮೇಲೆ ಅಲ್ಲಿ ನೆಲೆಸಿದ ಅವರು ಮೊದಲು ಮಾನಿ ಮತವನ್ನು, ಬಳಿಕ ಬೌದ್ಧ ಧರ್ಮವನ್ನು ಪೋಷಿಸಿದರು. ಬೆಜೆಕ್ಲಿಕ್ ಗುಹೆಗಳ ಚಿತ್ರಗಳು ಇದಕ್ಕೆ ಸಾಕ್ಷಿ.

ಪಶ್ಚಿಮದ ಕಾಷ್ಗರಿನಲ್ಲಿದ್ದ, ತುರ್ಕಿಯರೇ ಆದ ಕರಾಖಾನಿ ಅರಸರು 10ನೇ ಶತಮಾನದಲ್ಲಿ ಇಸ್ಲಾಂ ಸ್ವೀಕರಿಸಿದರು. 1006ರ ಸುಮಾರಿಗೆ ಬೌದ್ಧರ ಖೋತಾನನ್ನು ಗೆದ್ದರು. ತುರ್ಫಾನಿನಲ್ಲಿ ಮಾತ್ರ ಬೌದ್ಧ ಧರ್ಮ 15ನೇ ಶತಮಾನದವರೆಗೂ ಉಳಿದಿತ್ತು.

ಕುತೂಹಲದ ಸಂಗತಿಯೆಂದರೆ, ‘ಉಯ್ಘರ್’ ಎಂದರೆ ಬೌದ್ಧ ಎಂಬ ಅರ್ಥ ಅಂಟಿಕೊಂಡಿದ್ದರಿಂದ, ಮುಸ್ಲಿಮರಾದ ಮೇಲೆ ಅಲ್ಲಿನ ಜನ ಆ ಹೆಸರನ್ನೇ ಕೈಬಿಟ್ಟರು. 1921ರಲ್ಲಿ ತಾಷ್ಕೆಂಟಿನಲ್ಲಿ ನಡೆದ ಸಭೆಯೊಂದು ಅದನ್ನು ಮತ್ತೆ ಬಳಕೆಗೆ ತಂದಿತು. ಹಳೆಯ ಧರ್ಮದೊಂದಿಗೆ ಬಿಟ್ಟ ಆ ಹೆಸರೇ ಇಂದು ಒಂದು ಮುಸ್ಲಿಂ ಜನಾಂಗದ ಗುರುತು.