ಮೈಸೂರಿನ ಗೆರೆ, ಮಲೆನಾಡಿನ ಮಾಲ್ಗುಡಿ

ದೂರದರ್ಶನದಲ್ಲಿ 1986ರಲ್ಲಿ ‘ಮಾಲ್ಗುಡಿ ಡೇಸ್’ ಶುರುವಾದಾಗ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತದ ಜೊತೆಗೆ ಪರದೆಯ ಮೇಲೆ ಮೊದಲು ಕಾಣುತ್ತಿದ್ದದ್ದು ಗೆರೆಚಿತ್ರಗಳು. ನಟರು ಬರುತ್ತಿದ್ದದ್ದು ಆಮೇಲೆ. ಆ ಗೆರೆಗಳು ರಾಶಿಪುರಂ ಕೃಷ್ಣಸ್ವಾಮಿ ಲಕ್ಷ್ಮಣ್ ಅವರವು. ಪತ್ರಿಕೆಯ ವ್ಯಂಗ್ಯಚಿತ್ರಕಾರರೆಂದೇ ನಾಡು ನೆನೆಯುವ ಅವರ ಬದುಕಿನಲ್ಲಿ ಟೆಲಿವಿಷನ್ನಿನದೂ ಒಂದು ಅಧ್ಯಾಯವಿದೆ. ಅದರ ಒಂದು ಭಾಗ ನಡೆದದ್ದು ಶಿವಮೊಗ್ಗ ಜಿಲ್ಲೆಯ ಮಣ್ಣಿನಲ್ಲಿ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಅಣ್ಣ ಕಾದಂಬರಿಕಾರ ಆರ್. ಕೆ. ನಾರಾಯಣ್. ಶಾಲೆಯಲ್ಲಿ ಎಲೆಯ ಚಿತ್ರ ಬರೆಯಲು ಹೇಳಿದಾಗ ಹುಡುಗ ಲಕ್ಷ್ಮಣ್ ಅರಳಿ ಎಲೆ ಬರೆದು ಮೇಷ್ಟರಿಂದ ಶಹಬ್ಬಾಸ್ ಪಡೆದರು. ತಾನು ಕಲಾವಿದನಾಗಬಲ್ಲೆ ಎಂಬ ಧೈರ್ಯ ಬಂದದ್ದು ಅಲ್ಲಿಂದಲೇ. ಹಿತ್ತಲಿನ ಕಾಗೆಗಳು ಅವರ ಇನ್ನೊಂದು ಪಾಠಶಾಲೆ. ಕಾಗೆಯ ಕೊಂಕು ಕತ್ತು, ಹಾರುವ ಮುಂಚಿನ ಕುಪ್ಪಳಿಕೆ, ಓರೆ ನೋಟಗಳನ್ನು ಅವರು ಜೀವನಪೂರ್ತಿ ಬರೆದರು. ಚಲನೆಯ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುವ ಅವರ ಶಕ್ತಿಗೆ ಆ ಕಾಗೆಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಲಕ್ಷ್ಮಣ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಲೇ ಚಿತ್ರ ಬರೆದರು. ‘ದಿ ಹಿಂದೂ’ ಪತ್ರಿಕೆಯಲ್ಲಿ ಅಣ್ಣನ ಕತೆಗಳಿಗೆ ಅವರದೇ ಚಿತ್ರ. ಡಾ. ಎಂ. ಶಿವರಾಂ, ಅಂದರೆ ಕನ್ನಡಿಗರ ರಾಶಿ, 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಅವರು ಬರೆದುಕೊಟ್ಟರು. ಲಕ್ಷ್ಮಣ್ ಅವರನ್ನು ಇಂಗ್ಲಿಷ್ ಪತ್ರಿಕೆಯ ಕಲಾವಿದರೆಂದಷ್ಟೇ ಲೆಕ್ಕ ಹಾಕುವವರು ಈ ಕನ್ನಡದ ತವರನ್ನು ಮರೆಯಬಾರದು.

ಅದೇ ಎಳೆಯ ವಯಸ್ಸಿನಲ್ಲಿ ಅವರಿಗೆ ಕಾರ್ಟೂನ್ ಚಿತ್ರದ ಪರಿಚಯವೂ ಆಯಿತು. ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಬೇಸಿಗೆ ರಜೆಯ ಕೆಲಸಕ್ಕೆ ಸೇರಿ, ನಾರದನನ್ನು ಕುರಿತ ಅನಿಮೇಷನ್ ಚಿತ್ರಕ್ಕೆ ದುಡಿದರು. ಈ ಕೆಲಸದ ಭಾರ ಎಂಥದೆಂದು ಸಣ್ಣ ಲೆಕ್ಕದಲ್ಲೇ ತಿಳಿಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ನಾರದ ವೀಣೆ ಎತ್ತಿ ತಲೆ ತಿರುಗಿಸಿದರೆ, ಕೂದಲೆಳೆಯಷ್ಟು ವ್ಯತ್ಯಾಸವಿರುವ ಹಾಳೆಗಳ ಕಂತೆಯೇ ಬೆಳೆಯುತ್ತದೆ. ಲಕ್ಷ್ಮಣ್ ಆ ದಾರಿಯಲ್ಲಿ ಮುಂದುವರಿಯಲಿಲ್ಲ. ಇಡೀ ಕತೆಯನ್ನು ಒಂದೇ ಚೌಕದೊಳಗೆ ಹೇಳುವುದು ಅವರ ಕಸುಬಾಯಿತು.

ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಕೆಲಸ ಮಾಡಿ ಅವರು ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. 1951ರಲ್ಲಿ ‘ಯು ಸೆಡ್ ಇಟ್’ ಎಂಬ ಚೌಕ ಆರಂಭವಾಯಿತು. ಚೌಕುಳಿ ಕೋಟು, ಪಂಚೆ, ಕನ್ನಡಕದ ಶ್ರೀಸಾಮಾನ್ಯ ಅದರಲ್ಲಿ ಅರ್ಧ ಶತಮಾನ ಕಾಲ ಒಂದು ಮಾತೂ ಆಡದೆ ನಿಂತ. ಏಷ್ಯನ್ ಪೇಂಟ್ಸ್ ಕಂಪನಿಯ ಬಣ್ಣದ ಡಬ್ಬದ ಹುಡುಗ ಗಟ್ಟು 1954ರಲ್ಲಿ ಹುಟ್ಟಿದ್ದೂ ಅವರ ಕೈಯಲ್ಲೇ. ಮರುವರ್ಷ ಗುರುದತ್ತ್ ಅವರ ‘ಮಿಸ್ಟರ್ ಆ್ಯಂಡ್ ಮಿಸೆಸ್ 55’ ಚಿತ್ರದಲ್ಲಿ ನಾಯಕನೇ ವ್ಯಂಗ್ಯಚಿತ್ರಕಾರ. ಅವನ ಹೆಸರಿನಲ್ಲಿ ಕಾಣುವ ಚಿತ್ರಗಳು ಲಕ್ಷ್ಮಣ್ ಅವರವು.

ಟೆಲಿವಿಷನ್ನಿಗೆ ಅವರ ಗೆರೆ ಬಂದದ್ದು ಇದೆಲ್ಲ ಆದ ಮೇಲೆ, ಅರವತ್ತು ದಾಟಿದಾಗ. ಟಿ. ಎಸ್. ನರಸಿಂಹನ್ ನಿರ್ಮಾಣದ, ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ಗೆ ಒಂದು ಊರು ಬೇಕಿತ್ತು. ನಾರಾಯಣ್ ಕಲ್ಪಿಸಿದ ಆ ಊರು ಯಾವ ನಕ್ಷೆಯಲ್ಲೂ ಇರಲಿಲ್ಲ. ಶಂಕರ್ ನಾಗ್ ಅದನ್ನು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಕಂಡುಕೊಂಡರು. ಅಲ್ಲಿನ ದೊಡ್ಡಮನೆಯ ಮರದ ಕಂಬ, ಜಗಲಿ, ಒಳ ಅಂಗಳಗಳೇ ಕತೆಯ ಹುಡುಗ ಸ್ವಾಮಿಯ ಮನೆಯಾದವು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರೆ, ತಂದೆ ಗಿರೀಶ್ ಕಾರ್ನಾಡ್, ತಾಯಿ ವೈಶಾಲಿ ಕಾಸರವಳ್ಳಿ. ಊರನ್ನು ಮಾಲ್ಗುಡಿಯಾಗಿ ಸಜ್ಜುಗೊಳಿಸಿದವರು ಕಲಾ ನಿರ್ದೇಶಕ ಜಾನ್ ದೇವರಾಜ್. ಕಾಗದದ ಮೇಲೆ ನಾಲ್ಕು ಗೆರೆಯಲ್ಲಿ ಮೂಡಿದ್ದ ಬೀದಿ ಹಂಚಿನ ಮಾಡು, ಮಳೆ, ಕೆಸರು ಸಮೇತ ಎದ್ದುನಿಂತಿತು.

ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಹಾನಗಲ್ಲಿನ ಬಯಲಿಗೆ ಒತ್ತಿಕೊಂಡಂತಿರುವ ಸೊರಬ ತಾಲ್ಲೂಕಿನ ಜಡೆಯಂಥ ಊರುಗಳು ಆಗುಂಬೆಯಷ್ಟು ಮಳೆ ಕಂಡವಲ್ಲ. ಸೊರಬ, ಶಿಕಾರಿಪುರಗಳದು ಅರೆಮಲೆನಾಡು. ಆದರೂ ಹಂಚಿನ ಮನೆ, ಮುಂದಿನ ಜಗಲಿ, ಅಲ್ಲಿ ಕೂತು ಹರಟುವ ಹಿರಿಯರು ಆ ಕಡೆಯವರಿಗೆ ಹೊಸದಾಗಿರಲಿಲ್ಲ. ದೇಶದ ಉಳಿದವರಿಗೆ ಮಾಲ್ಗುಡಿ ಕಲ್ಪನೆಯ ಊರು. ಶಿವಮೊಗ್ಗ ಜಿಲ್ಲೆಯವರಿಗೆ ಅದು ನೆರೆಮನೆ. ಧಾರಾವಾಹಿಯ ಕೆಲವು ದೃಶ್ಯಗಳು ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದಲ್ಲೂ ಚಿತ್ರಣಗೊಂಡವು. ಸೊರಬದವರು ರೈಲು ಹತ್ತಲು ಹೋಗುವ ಸಾಗರಕ್ಕೆ ಶಿವಮೊಗ್ಗದಿಂದ ಬರುವ ಹಳಿ ಇದೇ ಅರಸಾಳನ್ನು ಹಾಯ್ದು ಬರುತ್ತದೆ.

‘ಮಾಲ್ಗುಡಿ ಡೇಸ್’ನಲ್ಲಿ ಲಕ್ಷ್ಮಣ್ ಅವರದು ಚಿತ್ರಕಾರನ ಪಾಲು. 1988ರ ‘ವಾಗ್ಲೆ ಕಿ ದುನಿಯಾ’ ಹಾಗಲ್ಲ. ಅದರ ಪಾತ್ರಗಳ ಕಲ್ಪನೆಯೇ ಅವರದು. ದುರ್ಗಾ ಖೋಟೆ ಪ್ರೊಡಕ್ಷನ್ಸ್ ನಿರ್ಮಿಸಿ ಕುಂದನ್ ಶಾ ನಿರ್ದೇಶಿಸಿದ ಈ ಹಿಂದಿ ಧಾರಾವಾಹಿಯಲ್ಲಿ ವಾಗ್ಲೆ ಒಬ್ಬ ಗುಮಾಸ್ತ. ಅಂಜನ್ ಶ್ರೀವಾಸ್ತವ್ ವಾಗ್ಲೆಯಾದರು, ಭಾರತಿ ಆಚ್ರೇಕರ್ ಅವನ ಹೆಂಡತಿಯಾದರು. ಚೌಕದೊಳಗೆ ಮೂಕನಾಗಿದ್ದ ಶ್ರೀಸಾಮಾನ್ಯ ಇಲ್ಲಿ ಬಾಯಿಬಿಟ್ಟ ಎನ್ನಬಹುದು. ಪತ್ರಿಕೆಯ ಚೌಕ ಮಂತ್ರಿಗಳ ಮೇಲೆ ಕಣ್ಣಿಟ್ಟಿದ್ದರೆ, ಟೆಲಿವಿಷನ್ ಸಂಸಾರವಂದಿಗನ ಮನೆಯೊಳಗೇ ಹೋಗಿ ಕೂತಿತು. ಜೆಮಿನಿಯಲ್ಲಿ ಹಾಳೆಗಳ ಕಂತೆಯಿಂದ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ನಟರು ಮಾಡಿದರು. ಗೆರೆಗೆ ನಡಿಗೆ ಬಂತು. ಲಕ್ಷ್ಮಣ್ ಅವರ ಟೆಲಿವಿಷನ್ ಕೆಲಸದಲ್ಲಿ ಹೆಚ್ಚು ತೂಕದ್ದು ಇದೇ.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಅಪಘಾತದಲ್ಲಿ ತೀರಿಕೊಂಡರು. ಕವಿತಾ ಲಂಕೇಶ್ ನಿರ್ದೇಶನದಲ್ಲಿ 2006ರಲ್ಲಿ ‘ಮಾಲ್ಗುಡಿ ಡೇಸ್’ನ ಹೊಸ ಕಂತುಗಳು ಬಂದವು. 2003ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿದ್ದ ಲಕ್ಷ್ಮಣ್, 2015ರ ಜನವರಿ 26ರಂದು ಪುಣೆಯಲ್ಲಿ ನಿಧನರಾದರು. ವಾಗ್ಲೆಯ ಕತೆ 2021ರಲ್ಲಿ ಸಬ್ ವಾಹಿನಿಯಲ್ಲಿ ಮತ್ತೆ ತೆರೆದುಕೊಂಡಾಗ ಅದೇ ಅಂಜನ್ ಶ್ರೀವಾಸ್ತವ್, ಅದೇ ಭಾರತಿ ಆಚ್ರೇಕರ್ ಅಜ್ಜ–ಅಜ್ಜಿಯಾಗಿ ಕಾಣಿಸಿಕೊಂಡರು.

ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಬಹುಕಾಲ ಪಾಳುಬಿದ್ದಿತ್ತು. ರೈಲ್ವೆ ಇಲಾಖೆ ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಕೆಲಸಕ್ಕೂ ಕೈಹಾಕಿದವರು ಜಾನ್ ದೇವರಾಜ್. ಸಾಗರ, ತಾಳಗುಪ್ಪಗಳ ರೈಲುಗಳು ಈಗ ಅದರ ಪಕ್ಕದಲ್ಲೇ ಓಡುತ್ತವೆ.